ಮೊದಲ ಗೇಮಿಂಗ್ ಪಿಸಿ: ಒಂದಕ್ಕೊಂದು ಹೊಂದುವ ಪಾರ್ಟ್ಸ್ ಆರಿಸುವುದು ಹೇಗೆ

ಪಿಸಿ ಜೋಡಿಸುವುದಕ್ಕೆ ಒಂದು ಸ್ಟಾರ್ ಸ್ಕ್ರೂಡ್ರೈವರ್, ಒಂದು ಭಾನುವಾರದ ಮಧ್ಯಾಹ್ನ ಇದ್ದರೆ ಸಾಕು. ಎಡವಟ್ಟಾಗುವುದೆಲ್ಲ ಅದಕ್ಕೂ ಮೊದಲು, ಪಾರ್ಟ್ಸ್ ಆರಿಸುವಾಗ. ಪ್ರೊಸೆಸರ್ ಒಂದು ಸಾಕೆಟ್‌ನದು, ಮದರ್‌ಬೋರ್ಡ್ ಇನ್ನೊಂದರದು. ಗ್ರಾಫಿಕ್ಸ್ ಕಾರ್ಡ್ ಕ್ಯಾಬಿನೆಟ್‌ಗಿಂತ ಎರಡು ಸೆಂಟಿಮೀಟರ್ ಉದ್ದ. ಎಲ್ಲಾ ಕೂತಿದೆ ಅಂದುಕೊಂಡರೆ ಪಾರ್ಟ್ಸ್‌ಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್‌ನಲ್ಲಿ ಬೇಕಾದ ಕೇಬಲ್ಲೇ ಇಲ್ಲ.

ಅಂಗಡಿಯಲ್ಲಿ ಕೇಳಿದರೆ "ಎಲ್ಲಾ ಸೆಟ್ ಆಗುತ್ತೆ ಸರ್" ಅನ್ನುತ್ತಾರೆ. ಬಹಳ ಸಲ ಆಗುತ್ತೆ ಕೂಡ. ಆದರೆ ಆಗದೇ ಹೋದಾಗ ಸೀಲ್ ಒಡೆದ ಬಾಕ್ಸ್ ವಾಪಸ್ ತೆಗೆದುಕೊಳ್ಳುವವರು ಕಡಿಮೆ. ಯಾವುದಕ್ಕೆ ಯಾವುದು ಹೊಂದುತ್ತದೆ ಎಂಬುದು ಪ್ರತಿ ಕಂಪನಿಯ ಸ್ಪೆಸಿಫಿಕೇಶನ್ ಪುಟದಲ್ಲಿ ಅಂಕಿ ಸಮೇತ ಇರುತ್ತದೆ. ಅದನ್ನು ನೀವೇ ಓದಿ, ಒಂದು ಹಾಳೆಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಬೇಕು ಎಂಬುದೇ ನನ್ನ ಮಾತು. ಬೆಲೆ ಇಲ್ಲಿ ಹಾಕುತ್ತಿಲ್ಲ, ಅದು ವಾರಕ್ಕೊಂದು ಥರ ಇರುತ್ತದೆ. ಉದಾಹರಣೆಗೆ ಒಂದು ಮಧ್ಯಮ ದರ್ಜೆಯ ಪಿಸಿಯನ್ನು ಹಿಡಿದುಕೊಂಡು ಹೆಜ್ಜೆ ಹೆಜ್ಜೆಯಾಗಿ ಹೋಗೋಣ.

ಹೆಜ್ಜೆ 1: ಮಾನಿಟರ್, ಅದಕ್ಕೆ ತಕ್ಕ ಗ್ರಾಫಿಕ್ಸ್ ಕಾರ್ಡ್

ಹೆಚ್ಚಿನವರು ಪ್ರೊಸೆಸರ್‌ನಿಂದ ಶುರು ಮಾಡುತ್ತಾರೆ. ಗೇಮಿಂಗ್ ಪಿಸಿಗೆ ಮಾನಿಟರ್‌ನಿಂದ ಶುರು ಮಾಡುವುದು ಸರಿ. 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಪಿಕ್ಸೆಲ್ ಇರುತ್ತವೆ, 1440ಪಿ ಪರದೆಯಲ್ಲಿ 36.9 ಲಕ್ಷ. ಅಷ್ಟೂ ಪಿಕ್ಸೆಲ್‌ಗಳನ್ನು ಸೆಕೆಂಡಿಗೆ ನೂರಾರು ಸಲ ಬರೆಯುವುದು ಗ್ರಾಫಿಕ್ಸ್ ಕಾರ್ಡಿನ ಕೆಲಸ. ಹಾಗಾಗಿ ಯಾವ ಪರದೆ ಎಂದು ತೀರ್ಮಾನ ಆಗದೆ ಕಾರ್ಡ್ ಆರಿಸುವುದಕ್ಕೆ ಆಗುವುದಿಲ್ಲ.

ಯಾವ ಆಟ ಎಂಬುದೂ ಮುಖ್ಯ. ವ್ಯಾಲರಂಟ್, ಕೌಂಟರ್ ಸ್ಟ್ರೈಕ್ 2 ಥರದ ಆಟಗಳು ಕಾರ್ಡಿಗಿಂತ ಪ್ರೊಸೆಸರನ್ನು ಜಾಸ್ತಿ ದುಡಿಸುತ್ತವೆ. ಸೈಬರ್‌ಪಂಕ್ 2077 ಥರದ ಆಟಗಳಿಗೆ ಕಾರ್ಡೇ ಎಲ್ಲ. ಎರಡೂ ಬೇಕು ಅನ್ನುವವರು ಒಟ್ಟು ಬಜೆಟ್‌ನಲ್ಲಿ ಹತ್ತಿರ ಹತ್ತಿರ 40 ಪರ್ಸೆಂಟ್ ಕಾರ್ಡಿಗೇ ಇಡಿ.

ನಮ್ಮ ಉದಾಹರಣೆಗೆ 1440ಪಿ ಮಾನಿಟರ್ ಮತ್ತು ಆರ್‌ಟಿಎಕ್ಸ್ 5060 ಟಿಐ ಕಾರ್ಡ್ ಇಟ್ಟುಕೊಳ್ಳೋಣ. ಇಲ್ಲೇ ಒಂದು ಎಚ್ಚರಿಕೆ ಹೇಳಬೇಕು. ಈ ಕಾರ್ಡ್ ಒಂದೇ ಹೆಸರಿನಲ್ಲಿ 8 ಜಿಬಿ ಮತ್ತು 16 ಜಿಬಿ ಮೆಮೊರಿಯ ಎರಡು ಬಗೆಯಲ್ಲಿ ಬರುತ್ತದೆ. ಎಎಂಡಿಯ ಆರ್‌ಎಕ್ಸ್ 9060 ಎಕ್ಸ್‌ಟಿ ಕೂಡ ಹಾಗೆಯೇ. ಬಿಲ್‌ನಲ್ಲಿ ಬರೀ ಕಾರ್ಡಿನ ಹೆಸರಿದ್ದರೆ ಒಪ್ಪಬೇಡಿ, ಜಿಬಿ ಬರೆಸಿ. ಹೊಸ ದೊಡ್ಡ ಆಟಗಳನ್ನು 1440ಪಿಯಲ್ಲಿ ಹೈ ಸೆಟ್ಟಿಂಗ್‌ನಲ್ಲಿ ಆಡಬೇಕು ಅಂದರೆ 16 ಜಿಬಿಯದನ್ನೇ ತೆಗೆದುಕೊಳ್ಳಿ. 8 ಜಿಬಿ ತುಂಬಿದ ಮೇಲೆ ಆಟ ತಡವರಿಸಲು ಶುರುವಾಗುತ್ತದೆ. ಅದಕ್ಕೆ ಮುಂದೆ ಬೇರೆ ಮದ್ದಿಲ್ಲ, ಕಾರ್ಡೇ ಬದಲಿಸಬೇಕು.

ಹೆಜ್ಜೆ 2: ಪ್ರೊಸೆಸರ್ ಮತ್ತು ಸಾಕೆಟ್

ಸಾಕೆಟ್ ಅಂದರೆ ಪ್ರೊಸೆಸರ್ ಕೂರುವ ಜಾಗ. ಪ್ರೊಸೆಸರಿನ ಸಾಕೆಟ್ ಹೆಸರೂ ಬೋರ್ಡಿನ ಸಾಕೆಟ್ ಹೆಸರೂ ಅಕ್ಷರಶಃ ಒಂದೇ ಇರಬೇಕು. ಈಗ ಅಂಗಡಿಯಲ್ಲಿ ಸಿಗುವವು ಮುಖ್ಯವಾಗಿ ನಾಲ್ಕು. ಎಎಂಡಿಯ ಎಎಂ4 ಹಳೆಯದು. ರೈಜನ್ 5 5600 ಥರದ ಪ್ರೊಸೆಸರ್ ಇದರಲ್ಲಿ ಕೂರುತ್ತವೆ, ಮೆಮೊರಿ (ಅಂದರೆ ರ‍್ಯಾಮ್) ಹಳೆಯ ತಲೆಮಾರಿನ ಡಿಡಿಆರ್4. 2022ರಲ್ಲಿ ಬಂದ ಎಎಂ5ನಲ್ಲಿ ರೈಜನ್ 7000, 8000, 9000 ಸರಣಿಗಳು ಕೂರುತ್ತವೆ, ಮೆಮೊರಿ ಡಿಡಿಆರ್5 ಮಾತ್ರ. ಇಂಟೆಲ್‌ನ ಎಲ್‌ಜಿಎ 1700 ಸಾಕೆಟ್ 12, 13, 14ನೇ ತಲೆಮಾರಿನದು. ಇದರ ಬೋರ್ಡ್‌ಗಳು ಕೆಲವು ಡಿಡಿಆರ್4, ಕೆಲವು ಡಿಡಿಆರ್5. 2024ರ ಅಕ್ಟೋಬರ್‌ನಲ್ಲಿ ಬಂದ ಎಲ್‌ಜಿಎ 1851 ಸಾಕೆಟ್ ಕೋರ್ ಅಲ್ಟ್ರಾ 200 ಸರಣಿಗೆ, ಮೆಮೊರಿ ಡಿಡಿಆರ್5 ಮಾತ್ರ.

ಮೊದಲ ಪಿಸಿಗೆ ನನ್ನ ಆಯ್ಕೆ ಎಎಂ5. 2027 ಮತ್ತು ಅದರಾಚೆಗೂ ಇದೇ ಸಾಕೆಟ್‌ಗೆ ಪ್ರೊಸೆಸರ್ ಕೊಡುತ್ತೇವೆ ಎಂದು ಎಎಂಡಿ ಹೇಳಿದೆ. ಎರಡು ಮೂರು ವರ್ಷದ ಮೇಲೆ ಪ್ರೊಸೆಸರ್ ಒಂದನ್ನೇ ಬದಲಾಯಿಸಿಕೊಂಡು, ಬೋರ್ಡು ಮತ್ತು ರ‍್ಯಾಮ್ ಉಳಿಸಿಕೊಳ್ಳಬಹುದು. ಬಜೆಟ್ ತೀರಾ ಬಿಗಿ ಇದ್ದರೆ ಐ5-12400ಎಫ್ ಜೊತೆ ಡಿಡಿಆರ್4 ಬೋರ್ಡ್ ಈಗಲೂ ಮೋಸ ಇಲ್ಲ. ಆದರೆ ಆ ಸಾಕೆಟ್‌ಗೆ ಹೊಸ ತಲೆಮಾರು ಬರುವುದಿಲ್ಲ ಎಂದು ತಿಳಿದೇ ತೆಗೆದುಕೊಳ್ಳಿ.

ಹೆಸರಿನ ಕೊನೆಯಲ್ಲಿರುವ ಅಕ್ಷರ ನೋಡುವುದನ್ನು ಮರೆಯಬೇಡಿ. 'ಎಫ್' ಇದ್ದರೆ ಪ್ರೊಸೆಸರ್ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು ಅರ್ಥ. 12400ಎಫ್, ರೈಜನ್ 5 7500ಎಫ್ ಈ ಜಾತಿಯವು. ರೈಜನ್ 5 5600ಕ್ಕೆ ಎಫ್ ಇಲ್ಲದಿದ್ದರೂ ಗ್ರಾಫಿಕ್ಸ್ ಇಲ್ಲ. ಇವುಗಳಲ್ಲಿ ಕಾರ್ಡ್ ಹಾಕದೆ ಪರದೆ ಮೇಲೆ ಏನೂ ಬರುವುದಿಲ್ಲ. ಅವು ಸ್ವಲ್ಪ ಅಗ್ಗ, ನಿಜ. ಆದರೂ ಮೊದಲ ಸಲ ಜೋಡಿಸುವವರಿಗೆ ನಾನು ರೈಜನ್ 5 7600 ಹೇಳುತ್ತೇನೆ. ಅದರಲ್ಲಿ ಸಣ್ಣ ಗ್ರಾಫಿಕ್ಸ್ ಇದೆ. ಪಿಸಿ ಆನ್ ಆಗಿಯೂ ಪರದೆ ಕಪ್ಪಗಿದ್ದರೆ, ಕಾರ್ಡ್ ತೆಗೆದು ಬೋರ್ಡಿಗೇ ಕೇಬಲ್ ಹಾಕಿ ನೋಡಬಹುದು. ತೊಂದರೆ ಕಾರ್ಡಿನದೋ ಅಲ್ಲವೋ ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ. ಕಾರ್ಡ್ ವಾರಂಟಿಗೆ ಹೋದ ದಿನಗಳಲ್ಲೂ ಪಿಸಿ ಸುಮ್ನೆ ಕೂರುವುದಿಲ್ಲ. ಬಾಕ್ಸ್‌ನಲ್ಲಿ ಕೂಲರ್ ಕೂಡ ಬರುತ್ತದೆ. 7600ಎಕ್ಸ್, 9600ಎಕ್ಸ್ ಬಾಕ್ಸ್‌ನಲ್ಲಿ ಕೂಲರ್ ಇರುವುದಿಲ್ಲ, ಅದನ್ನು ಬೇರೆ ಕೊಳ್ಳಬೇಕು.

ಸೆಕೆಂಡ್ ಹ್ಯಾಂಡ್‌ನಲ್ಲಿ 13 ಅಥವಾ 14ನೇ ತಲೆಮಾರಿನ ಐ7, ಐ9 ಹುಡುಕುವವರಿಗೆ ಒಂದು ಮಾತು. ಆ ಚಿಪ್‌ಗಳು ಹೆಚ್ಚಿನ ವೋಲ್ಟೇಜ್‌ನಿಂದ ಸವೆದು ಕ್ರ್ಯಾಶ್ ಆಗುವ ತೊಂದರೆ ಇತ್ತು. 2024ರ ಆಗಸ್ಟ್‌ನಿಂದ ಇಂಟೆಲ್ ಅದಕ್ಕೆ ಬಯಾಸ್ (ಬೋರ್ಡಿನೊಳಗಿನ ಮೂಲ ಸಾಫ್ಟ್‌ವೇರ್) ಮೂಲಕ ಪರಿಹಾರ ಕೊಟ್ಟಿತು, ವಾರಂಟಿಯನ್ನೂ ಎರಡು ವರ್ಷ ಹೆಚ್ಚಿಸಿತು. ಆದರೆ ಆಗಲೇ ಸವೆದ ಚಿಪ್ ಅಪ್‌ಡೇಟ್‌ನಿಂದ ಸರಿಯಾಗುವುದಿಲ್ಲ. ಬಿಲ್ ಇಲ್ಲದೆ ಇವನ್ನು ಕೊಳ್ಳಬೇಡಿ.

ಹೆಜ್ಜೆ 3: ಬೋರ್ಡಿನ ಹೆಸರು ಓದಿ

ಮದರ್‌ಬೋರ್ಡಿನ ಹೆಸರಿನಲ್ಲೇ ಅರ್ಧ ವಿಷಯ ಇರುತ್ತದೆ. ಬಿ650ಎಂ ಎಂದು ಶುರುವಾಗಿ ವೈಫೈ ಎಂದು ಮುಗಿಯುವ ಒಂದು ಬೋರ್ಡ್ ತೆಗೆದುಕೊಳ್ಳಿ. ಬಿ650 ಅದರ ಚಿಪ್‌ಸೆಟ್, ಅಂದರೆ ಬೋರ್ಡಿನಲ್ಲಿ ಏನೇನು ಸೌಲಭ್ಯ ಎಂದು ತೀರ್ಮಾನಿಸುವ ಚಿಪ್. ಎಎಂ5ನಲ್ಲಿ ಎ620 ಕೆಳಗಿನ ಮೆಟ್ಟಿಲು, ಬಿ650 ಮತ್ತು ಬಿ850 ನಡುವಿನವು, ಎಕ್ಸ್670 ಮತ್ತು ಎಕ್ಸ್870 ಮೇಲಿನವು. 'ಎಂ' ಅಂದರೆ ಮೈಕ್ರೋ ಎಟಿಎಕ್ಸ್, ಸಾಮಾನ್ಯವಾಗಿ 244 ಮಿ.ಮೀ. ಚೌಕ. ಅಲ್ಲಿ 'ಐ' ಇದ್ದರೆ ಮಿನಿ ಐಟಿಎಕ್ಸ್, 170 ಮಿ.ಮೀ. ಚೌಕ. ಎರಡೂ ಇಲ್ಲದಿದ್ದರೆ ಬಹುಮಟ್ಟಿಗೆ ಪೂರ್ತಿ ಎಟಿಎಕ್ಸ್, ಅಂದರೆ 305ಕ್ಕೆ 244 ಮಿ.ಮೀ. ಕೊನೆಯಲ್ಲಿ ವೈಫೈ ಎಂದು ಇಲ್ಲದಿದ್ದರೆ ಸಾಮಾನ್ಯವಾಗಿ ಬೋರ್ಡಿನಲ್ಲಿ ವೈಫೈಯೂ ಇಲ್ಲ, ಬ್ಲೂಟೂತೂ ಇಲ್ಲ. ರೂಟರ್ ಹಾಲ್‌ನಲ್ಲಿದ್ದು ಪಿಸಿ ಮಹಡಿ ಮೇಲಿನ ರೂಮಿನಲ್ಲಿದ್ದರೆ ಇದು ದೊಡ್ಡ ವಿಷಯವೇ ಅಲ್ವಾ?

ಇಂಟೆಲ್ ಬೋರ್ಡ್ ಕೊಳ್ಳುವವರು ಹೆಸರಿನಲ್ಲಿ 'ಡಿ4' ಅಥವಾ 'ಡಿಡಿಆರ್4' ಇದೆಯೇ ನೋಡಿ. ಒಂದೇ ಬಿ760 ಬೋರ್ಡ್ ಎರಡು ಬಗೆಯಲ್ಲಿ ಬರುತ್ತದೆ. ಡಿಡಿಆರ್4 ಮತ್ತು ಡಿಡಿಆರ್5 ರ‍್ಯಾಮ್ ಕಡ್ಡಿಗಳ ಕಚ್ಚು ಬೇರೆ ಬೇರೆ ಜಾಗದಲ್ಲಿರುತ್ತದೆ. ಒಂದರ ಸ್ಲಾಟ್‌ಗೆ ಇನ್ನೊಂದು ಇಳಿಯುವುದೇ ಇಲ್ಲ. ಇನ್ನು 'ಕೆ' ಅಕ್ಷರದ ಪ್ರೊಸೆಸರ್ ಓವರ್‌ಕ್ಲಾಕ್ ಮಾಡಲು (ನಿಗದಿಗಿಂತ ಹೆಚ್ಚಿನ ವೇಗದಲ್ಲಿ ಓಡಿಸಲು) ಝಡ್ ಸರಣಿಯ ಬೋರ್ಡೇ ಬೇಕು. ಬಿ760ರಲ್ಲಿ ಅದು ಓಡುತ್ತದೆ, ಓವರ್‌ಕ್ಲಾಕ್ ಆಗುವುದಿಲ್ಲ, 'ಕೆ'ಗೆ ಕೊಟ್ಟ ಹೆಚ್ಚಿನ ದುಡ್ಡಿನ ಒಂದು ಭಾಗ ದಂಡ.

ಹೊಸಬರನ್ನು ಜಾಸ್ತಿ ಕಂಗಾಲು ಮಾಡುವುದು ಬಯಾಸ್. ಸಾಕೆಟ್ ಸರಿಯಾಗಿದ್ದರೂ ಬೋರ್ಡಿನ ಬಯಾಸ್ ಹಳೆಯದಾಗಿದ್ದರೆ ಹೊಸ ಪ್ರೊಸೆಸರನ್ನು ಅದು ಗುರುತಿಸುವುದಿಲ್ಲ. ಬಿ650 ಬೋರ್ಡ್ ಬಂದದ್ದು 2022ರಲ್ಲಿ, ರೈಜನ್ 9000 ಬಂದದ್ದು 2024ರಲ್ಲಿ. ಗೋಡೌನ್‌ನಲ್ಲಿ ಬಹಳ ದಿನ ಕೂತ ಬೋರ್ಡಿಗೆ 9600ಎಕ್ಸ್ ಹಾಕಿದರೆ ಫ್ಯಾನ್ ತಿರುಗುತ್ತದೆ, ಪರದೆ ಬರುವುದಿಲ್ಲ. ಕಂಪನಿ ವೆಬ್‌ಸೈಟ್‌ನಲ್ಲಿ ನಿಮ್ಮ ಬೋರ್ಡಿನ ಪುಟಕ್ಕೆ ಹೋಗಿ ಸಿಪಿಯು ಸಪೋರ್ಟ್ ಪಟ್ಟಿ ತೆರೆಯಿರಿ. ಪ್ರೊಸೆಸರಿನ ಎದುರಿಗೆ ಯಾವ ಬಯಾಸ್ ಆವೃತ್ತಿಯಿಂದ ಓಡುತ್ತದೆ ಎಂದು ಬರೆದಿರುತ್ತದೆ. ಬೋರ್ಡಿನ ಹಿಂಭಾಗದಲ್ಲಿ ಬಯಾಸ್ ಫ್ಲ್ಯಾಶ್ ಮಾಡುವ ಗುಂಡಿ ಇದ್ದರೆ ಚಿಂತೆ ಇಲ್ಲ, ಪೆನ್‌ಡ್ರೈವ್‌ನಿಂದ ಪ್ರೊಸೆಸರ್ ಇಲ್ಲದೆಯೂ ಅಪ್‌ಡೇಟ್ ಮಾಡಬಹುದು. ಗುಂಡಿ ಇಲ್ಲದಿದ್ದರೆ ಕೊಳ್ಳುವಾಗಲೇ ಅಂಗಡಿಯವರ ಹತ್ತಿರ ಅಪ್‌ಡೇಟ್ ಮಾಡಿಸಿಕೊಳ್ಳಿ.

ಹೆಜ್ಜೆ 4: ರ‍್ಯಾಮ್

ಎರಡು ಕಡ್ಡಿಯ ಕಿಟ್ ಕೊಳ್ಳಿ, ಒಂದೂ ಬೇಡ, ನಾಲ್ಕೂ ಬೇಡ. ಒಂದೇ ಕಡ್ಡಿಯಲ್ಲಿ ಮೆಮೊರಿಯ ದಾರಿ ಅರ್ಧಕ್ಕೆ ಇಳಿಯುತ್ತದೆ. ನಾಲ್ಕು ಹಾಕಿದರೆ ಎಎಂ5ನಲ್ಲಿ ವೇಗ ಬೀಳುತ್ತದೆ. ರೈಜನ್ 7000ಕ್ಕೆ ಎರಡು ಕಡ್ಡಿಯಲ್ಲಿ ಎಎಂಡಿ ಅಧಿಕೃತವಾಗಿ ಹೇಳುವ ವೇಗ 5200, ನಾಲ್ಕು ಕಡ್ಡಿಯಲ್ಲಿ 3600. ಕಿಟ್ ಮೇಲೆ ಬರೆದ ಅದಕ್ಕಿಂತ ಹೆಚ್ಚಿನ ವೇಗ ಎಕ್ಸ್‌ಪೋ ಅಥವಾ ಎಕ್ಸ್‌ಎಂಪಿ ಎಂಬ ಸೆಟ್ಟಿಂಗ್ ಆನ್ ಮಾಡಿದರೆ ಮಾತ್ರ ಬರುತ್ತದೆ.

ಎಎಂ5ಗೆ ಚೆನ್ನಾಗಿ ಹೊಂದುವುದು ಡಿಡಿಆರ್5-6000, ಸಿಎಲ್30. ಸಿಎಲ್ ಅಂದರೆ ಕೇಳಿದ ಡೇಟಾ ಕೊಡಲು ಮೆಮೊರಿ ಎಷ್ಟು ಕಾಯಿಸುತ್ತದೆ ಎಂಬ ಅಂಕಿ. ಡಿಡಿಆರ್4 ಸಿಎಲ್16 ನೋಡಿದವರಿಗೆ 30 ಎಂಬ ಅಂಕಿ ನಿಧಾನ ಅನ್ನಿಸಬಹುದು. ಲೆಕ್ಕ ಹಾಕಿ ನೋಡಿ: ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ, ವೇಗದಿಂದ ಭಾಗಿಸಿ. 30 ಗುಣಿಸು 2000 ಭಾಗಿಸು 6000, ಬಂದದ್ದು 10 ನ್ಯಾನೋಸೆಕೆಂಡ್. 3200 ವೇಗದ ಸಿಎಲ್16ಕ್ಕೂ ಅದೇ 10. ಆದರೆ 6000 ಸಿಎಲ್40 ಕಿಟ್‌ಗೆ 13.3 ಬರುತ್ತದೆ. ವೇಗ ಒಂದೇ ಎಂದು ಎರಡು ಕಿಟ್‌ಗಳನ್ನು ಸಮ ಅನ್ನಬೇಡಿ.

2025ರ ಕೊನೆಯಿಂದ ರ‍್ಯಾಮ್ ಬೆಲೆ ಸಿಕ್ಕಾಪಟ್ಟೆ ಏರಿತು. ಮೆಮೊರಿ ಚಿಪ್‌ಗಳಿಗೆ ಎಐ ಡೇಟಾ ಸೆಂಟರ್‌ಗಳ ಬೇಡಿಕೆಯೇ ಇದಕ್ಕೆ ಮುಖ್ಯ ಕಾರಣ. 32 ಜಿಬಿ ಕೈಗೆಟುಕದಿದ್ದರೆ 8 ಜಿಬಿಯ ಎರಡು ಕಡ್ಡಿ ಹಾಕಿ ಈಗ ಆಡಿ. ಕಿಟ್ ಕೊಳ್ಳುವ ಮೊದಲು ಬೋರ್ಡಿನ ಪುಟದಲ್ಲಿ ಮೆಮೊರಿ ಸಪೋರ್ಟ್ ಪಟ್ಟಿ ನೋಡಿ, ಕಿಟ್‌ನ ಪೂರ್ತಿ ಪಾರ್ಟ್ ನಂಬರ್ ಅಲ್ಲಿದ್ದರೆ ನಿಶ್ಚಿಂತೆ.

ಹೆಜ್ಜೆ 5: ಎಸ್‌ಎಸ್‌ಡಿ

ಇಲ್ಲಿ ಜಾಸ್ತಿ ತಲೆ ಕೆಡಿಸಿಕೊಳ್ಳುವುದು ಬೇಡ. ಎಂ.2 ಆಕಾರದ, 2280 ಅಳತೆಯ, ಎನ್‌ವಿಎಂಇ ಎಂದು ಬರೆದಿರುವ 1 ಟಿಬಿ ಡ್ರೈವ್ ಸಾಕು. ಎಂ.2 ಆಕಾರದಲ್ಲೇ ಸಾಟಾ ಎಂಬ ಹಳೆಯ ಬಗೆಯ ಡ್ರೈವ್‌ಗಳೂ ಬರುತ್ತವೆ. ಅವು ನಿಧಾನ, ಕೆಲವು ಬೋರ್ಡ್‌ಗಳಲ್ಲಿ ಓಡುವುದೂ ಇಲ್ಲ. ಎರಡನೇ ಎಂ.2 ಸ್ಲಾಟ್ ಬಳಸಿದರೆ ಕೆಲವು ಬೋರ್ಡ್‌ಗಳಲ್ಲಿ ಒಂದೆರಡು ಸಾಟಾ ಪೋರ್ಟ್ ಬಂದ್ ಆಗುತ್ತವೆ. ಹಳೆಯ ಹಾರ್ಡ್‌ಡಿಸ್ಕ್ ಸೇರಿಸುವವರು ಮ್ಯಾನ್ಯುಯಲ್‌ನಲ್ಲಿ ಆ ಸಾಲು ಹುಡುಕಿ.

ಹೆಜ್ಜೆ 6: ಎಸ್‌ಎಂಪಿಎಸ್

ಕ್ಯಾಬಿನೆಟ್ ಜೊತೆ ಫ್ರೀಯಾಗಿ ಬರುವ ಎಸ್‌ಎಂಪಿಎಸ್ ಮೇಲೆ ಗೇಮಿಂಗ್ ಪಿಸಿ ನಿಲ್ಲಿಸಬೇಡಿ. ದುಡ್ಡು ಉಳಿಸಲು ಎಲ್ಲಿ ಬೇಕಾದರೂ ಕತ್ತರಿ ಹಾಕಿ, ಇಲ್ಲಿ ಮಾತ್ರ ಬೇಡ. ಇದು ಕೆಟ್ಟರೆ ತಾನೊಂದೇ ಹೋಗದೆ ಬೋರ್ಡನ್ನೂ ಕಾರ್ಡನ್ನೂ ಜೊತೆಗೆ ಕರೆದೊಯ್ಯಬಹುದು.

ನಮ್ಮ ಉದಾಹರಣೆಯ ಲೆಕ್ಕ ಹೀಗಿದೆ. ರೈಜನ್ 5 7600 ಬಾಕ್ಸ್ ಮೇಲೆ 65 ವ್ಯಾಟ್ ಎಂದಿದ್ದರೂ ಒತ್ತಡ ಬಿದ್ದಾಗ 88 ವ್ಯಾಟ್‌ವರೆಗೆ ಎಳೆಯುತ್ತದೆ. ಆರ್‌ಟಿಎಕ್ಸ್ 5060 ಟಿಐಗೆ 180. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಎಲ್ಲಾ ಸೇರಿ 60 ಎಂದು ಇಟ್ಟುಕೊಳ್ಳಿ. ಒಟ್ಟು 328. ಹಾಗಾದರೆ 400 ವ್ಯಾಟ್ ಸಾಕಲ್ವಾ ಅನ್ನಿಸುತ್ತದೆ. ಆದರೆ ಕಾರ್ಡ್ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಹೊತ್ತು ತನ್ನ ಮಿತಿ ಮೀರಿ ಕರೆಂಟ್ ಎಳೆಯುತ್ತದೆ. ಅದಕ್ಕೇ ಎನ್‌ವಿಡಿಯಾ ಈ ಕಾರ್ಡಿಗೆ 600 ವ್ಯಾಟ್ ಶಿಫಾರಸು ಮಾಡುತ್ತದೆ. ಒಳ್ಳೆಯ ಕಂಪನಿಯ 650 ವ್ಯಾಟ್ ತೆಗೆದುಕೊಂಡರೆ ಮುಂದಿನ ಕಾರ್ಡಿಗೂ ಜಾಗ ಉಳಿಯುತ್ತದೆ. 80 ಪ್ಲಸ್ ಬ್ರಾಂಜ್, ಗೋಲ್ಡ್ ಎಂಬ ಗುರುತು ಕರೆಂಟ್ ಎಷ್ಟು ಪೋಲಾಗುತ್ತದೆ ಎಂಬುದನ್ನು ಹೇಳುತ್ತದೆ, ಅಷ್ಟೇ. ಗಟ್ಟಿತನ ತಿಳಿಯಬೇಕಾದರೆ ವಾರಂಟಿ ಎಷ್ಟು ವರ್ಷ ಎಂದು ನೋಡಿ, ಅದೇ ಮಾಡೆಲ್‌ನ ಪರೀಕ್ಷಾ ವಿಮರ್ಶೆ ಓದಿ.

ಕೇಬಲ್‌ಗಳನ್ನು ಎಣಿಸಿ. ಕಾರ್ಡಿಗೆ ಸ್ಲಾಟ್‌ನಿಂದ 75 ವ್ಯಾಟ್, ಒಂದು 8 ಪಿನ್ ಪಿಸಿಐಇ ಕೇಬಲ್‌ನಿಂದ 150 ವ್ಯಾಟ್ ಸಿಗುತ್ತದೆ. ನಿಮ್ಮ ಮಾಡೆಲ್‌ಗೆ ಅಂಥ ಕೇಬಲ್ ಎಷ್ಟು ಬೇಕು, ಅಥವಾ ಹೊಸ 16 ಪಿನ್ ಬೇಕೇ ಎಂದು ಬರೆದುಕೊಳ್ಳಿ. ಪ್ರೊಸೆಸರಿನ 8 ಪಿನ್ ಕೇಬಲ್ 4+4 ಆಗಿ, ಕಾರ್ಡಿನದು 6+2 ಆಗಿ ಬಿಡಿಸಿಕೊಳ್ಳುತ್ತದೆ. ಅವು ಒಂದೇ ಅಲ್ಲ, ಬಲವಂತ ಮಾಡಬೇಡಿ. ಮಾಡ್ಯುಲರ್ (ಕೇಬಲ್ ಬಿಚ್ಚಿ ಹಾಕಬಹುದಾದ) ಎಸ್‌ಎಂಪಿಎಸ್‌ಗೆ ಅದರ ಬಾಕ್ಸ್‌ನಲ್ಲಿ ಬಂದ ಕೇಬಲ್ ಮಾತ್ರ ಹಾಕಿ. ಬೇರೆ ಕಂಪನಿಯ ಕೇಬಲ್ ನೋಡಲು ಒಂದೇ ಥರ ಇದ್ದರೂ ಒಳಗಿನ ತಂತಿಗಳ ಸಾಲು ಬೇರೆ ಇರಬಹುದು. ಹಾಗೆ ಹಾಕಿ ಡ್ರೈವ್ ಸುಟ್ಟುಕೊಂಡವರು ಬಹಳ ಮಂದಿ.

ನಮ್ಮ ಕಡೆ ಕರೆಂಟ್ ಯಾವಾಗ ಹೋಗುತ್ತದೆ ಎಂದು ಹೇಳಲು ಬರುವುದಿಲ್ಲ. 600 ವಿಎ ಯುಪಿಎಸ್ ಸಾಮಾನ್ಯವಾಗಿ ಕೊಡುವುದು 360 ವ್ಯಾಟ್. ನಮ್ಮ ಪಿಸಿಯ 328ಕ್ಕೆ ಮಾನಿಟರ್ ಸೇರಿದರೆ ಅದು ಅಂಚಿಗೆ ಬಂದುಬಿಡುತ್ತದೆ. 1000 ವಿಎ ಆಸುಪಾಸಿನದು ತೆಗೆದುಕೊಳ್ಳಿ, ವ್ಯಾಟ್ ಅಂಕಿಯನ್ನೇ ಓದಿ. ಮನೆಯ ಇನ್ವರ್ಟರ್ ಮೇಲೆ ಓಡಿಸುವುದಾದರೆ ಅದು ಸೈನ್ ವೇವ್‌ನದಾಗಿರಲಿ, ಯುಪಿಎಸ್ ಮೋಡ್ ಇದ್ದರೆ ಅದರಲ್ಲಿಡಿ. ಪಿಸಿ ಬಾಡಿ ಮುಟ್ಟಿದರೆ ಜುಮ್ ಅನ್ನಿಸಿದರೆ ಮನೆಯ ಅರ್ಥಿಂಗ್ ಸರಿ ಇಲ್ಲ. ಮೊದಲು ಎಲೆಕ್ಟ್ರಿಶಿಯನ್ ಕರೆಸಿ.

ಹೆಜ್ಜೆ 7: ಕ್ಯಾಬಿನೆಟ್, ಕೂಲರ್, ಮಿಲಿಮೀಟರ್ ಲೆಕ್ಕ

ಕ್ಯಾಬಿನೆಟ್ ಪುಟದಲ್ಲಿ ಮೂರು ಅಂಕಿ ಹುಡುಕಿ: ಕಾರ್ಡ್ ಎಷ್ಟು ಉದ್ದ ಇರಬಹುದು, ಕೂಲರ್ ಎಷ್ಟು ಎತ್ತರ ಇರಬಹುದು, ಯಾವ ಅಳತೆಯ ಬೋರ್ಡ್ ಕೂರುತ್ತದೆ. ಮೈಕ್ರೋ ಎಟಿಎಕ್ಸ್ ಬೋರ್ಡ್ ದೊಡ್ಡ ಕ್ಯಾಬಿನೆಟ್‌ನಲ್ಲಿ ಕೂರುತ್ತದೆ. ಎಟಿಎಕ್ಸ್ ಬೋರ್ಡ್ ಸಣ್ಣದರಲ್ಲಿ ಕೂರುವುದಿಲ್ಲ.

ಕಾರ್ಡಿನ ಉದ್ದದಲ್ಲಿ ಮೋಸ ಹೋಗುವವರು ಜಾಸ್ತಿ. ಕ್ಯಾಬಿನೆಟ್‌ನಲ್ಲಿ 330 ಮಿ.ಮೀ. ಎಂದಿದೆ, ಕಾರ್ಡ್ 300 ಇದೆ, ಆರಾಮಾಗಿ ಕೂರುತ್ತದೆ ಅನ್ನಿಸುತ್ತದೆ. ಮುಂಭಾಗಕ್ಕೆ ಲಿಕ್ವಿಡ್ ಕೂಲರಿನ ರೇಡಿಯೇಟರ್ ಹಾಕಿದಿರಿ ಅನ್ನಿ. ರೇಡಿಯೇಟರ್ ದಪ್ಪ ಸುಮಾರು 27, ಫ್ಯಾನ್ ದಪ್ಪ 25, ಒಟ್ಟು 52. ಖಾಲಿ ಕ್ಯಾಬಿನೆಟ್‌ನ ಅಳತೆಯೇ 330 ಆಗಿದ್ದರೆ ಉಳಿದದ್ದು 278. ಕಾರ್ಡ್ ಕೂರಲಿಲ್ಲ. ಈ ಉದಾಹರಣೆಯ ಪಿಸಿಗೆ ಲಿಕ್ವಿಡ್ ಕೂಲರ್ ಬೇಕಾಗಿಯೇ ಇಲ್ಲ. ಬಾಕ್ಸ್‌ನ ಕೂಲರ್ ಸಾಕು, ಸದ್ದು ಬೇಡ ಅಂದರೆ ಒಂದು ಟವರ್ ಕೂಲರ್ ಹಾಕಿ. ಟವರ್ ಕೂಲರ್‌ಗಳು ಸುಮಾರು 155ರಿಂದ 160 ಮಿ.ಮೀ. ಎತ್ತರ ಇರುತ್ತವೆ. ಸಪೂರ ಕ್ಯಾಬಿನೆಟ್‌ನಲ್ಲಿ ಗಾಜಿನ ಬಾಗಿಲು ಮುಚ್ಚುವುದಿಲ್ಲ. ಹಳೆಯ ಕೂಲರ್ ಬಳಸುವವರು ಅದರ ಜೊತೆ ಎಎಂ5 ಅಥವಾ ಎಲ್‌ಜಿಎ 1700ಕ್ಕೆ ಬೇಕಾದ ಬ್ರಾಕೆಟ್ ಇದೆಯೇ ನೋಡಿ. ಎಲ್‌ಜಿಎ 1200ಕ್ಕೂ 1700ಕ್ಕೂ ಸ್ಕ್ರೂ ತೂತುಗಳ ಅಂತರವೇ ಬೇರೆ.

ಮುಂಭಾಗ ಪೂರ್ತಿ ಗಾಜು ಇರುವ ಕ್ಯಾಬಿನೆಟ್ ನೋಡಲು ಚೆಂದ. ಗಾಳಿಗೆ ದಾರಿ ಬೇರೆ ಕಡೆಯಿಂದ ಇಲ್ಲದಿದ್ದರೆ ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿಗೆ ಅದು ತಕ್ಕದ್ದಲ್ಲ. ಜಾಲರಿ ಮುಖದ, ಧೂಳಿನ ಫಿಲ್ಟರ್ ಬಿಚ್ಚಿ ತೊಳೆಯಬಹುದಾದ ಕ್ಯಾಬಿನೆಟ್ ಕೊಳ್ಳಿ. ಮುಂದೆ ಟೈಪ್-ಸಿ ಪೋರ್ಟ್ ಇದ್ದರೆ ಅದಕ್ಕೆ ಬೇಕಾದ ಕನೆಕ್ಟರ್ ಬೋರ್ಡಿನಲ್ಲಿಯೂ ಇರಬೇಕು. ಅಗ್ಗದ ಬೋರ್ಡ್‌ಗಳಲ್ಲಿ ಹಲವು ಸಲ ಇರುವುದಿಲ್ಲ.

ಹೆಜ್ಜೆ 8: ಕೊಳ್ಳುವಾಗ

ಪಟ್ಟಿ ಮುಗಿದ ಮೇಲೆ ಪಿಸಿಪಾರ್ಟ್‌ಪಿಕರ್ ವೆಬ್‌ಸೈಟ್‌ನಲ್ಲಿ ಒಮ್ಮೆ ಹಾಕಿ ನೋಡಿ. ಸಾಕೆಟ್, ರ‍್ಯಾಮ್, ವ್ಯಾಟ್ ಹೊಂದದಿದ್ದರೆ ಅದು ಹೇಳುತ್ತದೆ. ಬಯಾಸ್ ಬಗ್ಗೆಯೂ ಎಚ್ಚರಿಸುತ್ತದೆ. ಎಲ್ಲವನ್ನೂ ಅದು ಹಿಡಿಯುವುದಿಲ್ಲ, ನಿಮ್ಮ ಹಾಳೆ ಕೈಯಲ್ಲಿರಲಿ.

ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಗೊತ್ತೇ ಇದೆ. ಎರಡು ಮೂರು ಅಂಗಡಿಗಳಲ್ಲಿ ಅದೇ ಪಟ್ಟಿಗೆ ಕೊಟೇಶನ್ ಬರೆಸಿ, ಆನ್‌ಲೈನ್ ಬೆಲೆ ಜೊತೆ ಹೋಲಿಸಿ. ಪ್ರತಿ ಪಾರ್ಟ್‌ನ ಪೂರ್ತಿ ಮಾಡೆಲ್ ಹೆಸರು ಕೊಟೇಶನ್‌ನಲ್ಲಿ ಇರಲಿ. "ಬಿ650 ಬೋರ್ಡ್", "650 ವ್ಯಾಟ್ ಎಸ್‌ಎಂಪಿಎಸ್" ಎಂದಷ್ಟೇ ಬರೆದರೆ ಅದೇ ಬೆಲೆಗೆ ಕಡಿಮೆ ದರ್ಜೆಯದು ಬರಬಹುದು. ಪ್ರೊಸೆಸರ್ ಬಾಕ್ಸ್ ಪ್ಯಾಕ್ ಆಗಿರಲಿ. ಬಾಕ್ಸ್ ಇಲ್ಲದೆ ಬಿಡಿಯಾಗಿ ಮಾರುವ ಟ್ರೇ ಚಿಪ್‌ಗೆ ಪ್ರೊಸೆಸರ್ ಕಂಪನಿಯ ವಾರಂಟಿ ಸಿಗುವುದಿಲ್ಲ, ಅಂಗಡಿಯವರು ಕೊಟ್ಟಷ್ಟೇ. ಜಿಎಸ್‌ಟಿ ಬಿಲ್‌ನಲ್ಲಿ ಸೀರಿಯಲ್ ನಂಬರ್ ಬರೆಸಿ. ಅಮೆರಿಕದಿಂದಲೋ ದುಬೈನಿಂದಲೋ ಅಣ್ಣನ ಕೈಯಲ್ಲಿ ಕಾರ್ಡ್ ತರಿಸುವ ಆಲೋಚನೆ ಇದ್ದರೆ, ಆ ಕಂಪನಿಯ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ. ಹಲವು ಕಂಪನಿಗಳದು ಕೊಂಡ ದೇಶಕ್ಕೆ ಮಾತ್ರ.

ಹೆಜ್ಜೆ 9: ಮೊದಲ ಸಲ ಆನ್ ಮಾಡುವಾಗ

ಬೋರ್ಡಿನಲ್ಲಿ ನಾಲ್ಕು ಸ್ಲಾಟ್ ಇದ್ದರೆ ರ‍್ಯಾಮ್ ಕಡ್ಡಿಗಳನ್ನು ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಿ. ಮಾನಿಟರ್ ಕೇಬಲ್ ಗ್ರಾಫಿಕ್ಸ್ ಕಾರ್ಡಿಗೆ ಹಾಕಿ, ಬೋರ್ಡಿಗೆ ಬೇಡ. ಎಎಂ5 ಪಿಸಿ ಮೊದಲ ಸಲ ಮೆಮೊರಿಯನ್ನು ಪರೀಕ್ಷಿಸಿಕೊಳ್ಳಲು ಕೆಲವು ನಿಮಿಷ ತೆಗೆದುಕೊಳ್ಳುತ್ತದೆ. ಅಷ್ಟು ಹೊತ್ತು ಪರದೆ ಕಪ್ಪಗೇ ಇರುತ್ತದೆ. ಕೆಟ್ಟುಹೋಯಿತು ಎಂದು ಸ್ವಿಚ್ ಆಫ್ ಮಾಡಬೇಡಿ, ಹತ್ತು ಹದಿನೈದು ನಿಮಿಷ ಕಾಯಿರಿ.

ಪರದೆ ಬಂದ ಮೇಲೆ ಬಯಾಸ್‌ಗೆ ಹೋಗಿ ಎಕ್ಸ್‌ಪೋ ಆನ್ ಮಾಡಿ. ಅದನ್ನು ಬಿಟ್ಟರೆ 6000ದ ರ‍್ಯಾಮ್ 4800 ಆಸುಪಾಸಿನಲ್ಲೇ ಓಡುತ್ತಿರುತ್ತದೆ. ವಿಂಡೋಸ್ 11ರಲ್ಲಿ ವ್ಯಾಲರಂಟ್ ಆಡುವವರು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡು ಭದ್ರತಾ ಸೆಟ್ಟಿಂಗ್ ಆನ್ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ. ಕೊನೆಗೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ರಿಫ್ರೆಶ್ ರೇಟ್ (ಪರದೆ ಸೆಕೆಂಡಿಗೆ ಎಷ್ಟು ಸಲ ಬದಲಾಗುತ್ತದೆ ಎಂಬುದು) ತೆರೆಯಿರಿ. ದುಡ್ಡು ಕೊಟ್ಟು ತಂದ 165 ಹರ್ಟ್ಸ್ ಮಾನಿಟರ್ ಅಲ್ಲಿ 60ರಲ್ಲೇ ನಿಂತಿರಬಹುದು. ಅದನ್ನು 165ಕ್ಕೆ ಬದಲಿಸಿ, ಆಮೇಲೆ ಆಟ ಡೌನ್‌ಲೋಡ್‌ಗೆ ಹಾಕಿ.